ಅಮ್ಮನ ಕಡೆಯವರು

ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೆಯ ಮಹಡಿಯ ಮನೆಯೊಂದರ ಬಾಗಿಲು ಅರ್ಧ ತೆರೆದಿದೆ. ಒಳಗೆ ಸ್ವೆಟರ್ ತೊಟ್ಟ ಅಜ್ಜ ಕುರ್ಚಿಯ ತುದಿಯಲ್ಲಿ ಕೂತು, ನೇಣಿಗೆ ಹೊರಟವರ ಹಾಗೆ ಮುಖ ಮಾಡಿಕೊಂಡು ತೋಳು ಚಾಚಿದ್ದಾರೆ. ರಾತ್ರಿಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ಆ ಸಿಟ್ಟು ಬೇರೆ. ಅವರ ಮುಂದೆ ನೆಲಕ್ಕೆ ಮಂಡಿಯೂರಿದ ಸೂಜಿಯಕ್ಕ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಆ ತೋಳಿಗೆ ಸುತ್ತಿ ಸುಮ್ಮನೆ ಕಾಯುತ್ತಿದ್ದಾಳೆ. ವಯಸ್ಸಾದವರ ನರಗಳು ಮುಂಜಾವಿನ ಚಳಿಗೆ ಒಳಸೇರಿಬಿಡುತ್ತವೆ. ಗದರಿಸಿದರೆ ಬರುವುದಿಲ್ಲ, ಬೆಚ್ಚಗೆ ಮಾಡಿ ಕರೆಯಬೇಕು.

"ಹೋದ ಸಲ ನೀನಿಲ್ಲದಾಗ ಬಂದವನು ಮೂರು ಕಡೆ ಚುಚ್ಚಿದ," ಎಂದು ಅಜ್ಜ ದೂರುತ್ತಾರೆ.

"ನಾನು ಒಂದೇ ಕಡೆ ಅಜ್ಜಾ. ಎರಡನೇ ಸಲ ಚುಚ್ಚೋ ಹಾಗಾದ್ರೆ ಸೂಜಿ ನಿಮ್ಮ ಕೈಗೇ ಕೊಡ್ತೀನಿ, ನೀವು ನನಗೆ ಚುಚ್ಚಿ."

ಅಜ್ಜ ನಗುವಷ್ಟರಲ್ಲಿ ಕೆಲಸ ಮುಗಿದಿದೆ. ಟ್ಯೂಬು ತುಂಬಿದ ಮೇಲೂ ಅವಳು ಏಳುವುದಿಲ್ಲ. "ನಿಮ್ಮ ಹೆಸರೇನಜ್ಜಾ?" ಎಂದು ಕೇಳುತ್ತಾಳೆ. ತಿಂಗಳಿಗೊಮ್ಮೆ ಬರುವ ಮನೆ, ಹೆಸರು ಗೊತ್ತಿಲ್ಲದೆ ಏನಿಲ್ಲ. ಆದರೂ ಅವರ ಬಾಯಿಂದಲೇ ಕೇಳಿ, ಅವರ ಎದುರೇ ಚೀಟಿಯಲ್ಲಿ ಬರೆದು ಅಂಟಿಸಿ, ಆಮೇಲೆ ಪೆಟ್ಟಿಗೆಯ ಐಸಿನ ನಡುವೆ ಇಡುತ್ತಾಳೆ. ನೀವು ಇಂಥವರಾ ಎಂದು ಮಾತ್ರ ಯಾವತ್ತೂ ಕೇಳುವುದಿಲ್ಲ. "ನಿದ್ದೆಗಣ್ಣಲ್ಲಿರೋರಿಗೆ ನೀವು ರಾಜನಾ ಅಂತ ಕೇಳಿದ್ರೂ ಹೌದು ಅಂತಾರೆ. ಹೌದಾ ಅಂತ ಕೇಳೋದೇ ತಪ್ಪು," ಎನ್ನುತ್ತಾಳೆ, ಮೆಟ್ಟಿಲಿಳಿಯುತ್ತ.

ಐವತ್ತು ದಾಟಿದ ಸೂಜಿಯಕ್ಕನಿಗೆ ಈ ಹೆಸರು ಕೊಟ್ಟವರು ಯಾರೆಂದು ಅವಳಿಗೂ ಮರೆತಿದೆ. ರಕ್ತ ಪರೀಕ್ಷೆಯ ಲ್ಯಾಬೊಂದರ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆಯುವುದು ಕೆಲಸ. ಬೆಳಕು ಹರಿಯುವ ಮುಂಚೆ ಹೊರಟು, ಜನ ತಿಂಡಿಗೆ ಕೂರುವ ಹೊತ್ತಿಗೆ ಹನ್ನೆರಡು ಹದಿಮೂರು ಮನೆ ಮುಗಿಸಬೇಕು. ಲಿಫ್ಟ್ ಇರುವ ಮನೆಗಳ ರೋಗಿಗಳಿಗೆ ಸಕ್ಕರೆ ಕಾಯಿಲೆ, ಇಲ್ಲದ ಮನೆಗಳ ರೋಗಿಗಳಿಗೆ ಮಂಡಿನೋವು ಎಂಬುದು ಅವಳ ವೈದ್ಯಶಾಸ್ತ್ರ. ಅವಳ ಮಂಡಿ ಎರಡನೆಯ ಗುಂಪಿಗೆ ಸೇರಿ ಬಹಳ ಕಾಲವಾಯಿತು.

ಆದರೆ ಊರಿನ ಕೆಲವರಿಗೆ ಅವಳು ಗೊತ್ತಿರುವುದು ಭಾನುವಾರದ ಕೆಲಸದಿಂದ. ದತ್ತು ಹೋದವರು, ಅನಾಥಾಲಯದಲ್ಲಿ ಬೆಳೆದವರು, ಹೆತ್ತವರು ಯಾರೆಂದು ತಿಳಿಯದೆ ನೆತ್ತಿ ನರೆತವರು ಅವಳ ಮನೆಯ ಅಡುಗೆಕೋಣೆಯ ಮೇಜಿನ ಮುಂದೆ ಬಂದು ಕೂರುತ್ತಾರೆ. ಇವತ್ತು ಸಣ್ಣ ಡಬ್ಬಿಯೊಂದಕ್ಕೆ ಎಂಜಲು ತುಂಬಿ ಕಳಿಸಿದರೆ ಡಿಎನ್‌ಎ ಪರೀಕ್ಷೆ ಮಾಡಿ, ನಿಮ್ಮ ರಕ್ತ ಹಂಚಿಕೊಂಡವರು ಯಾರ್‍ಯಾರು, ಎಷ್ಟೆಷ್ಟು ಎಂದು ಫೋನಿಗೇ ಪಟ್ಟಿ ಕಳಿಸುವ ಕಂಪನಿಗಳಿವೆ. ಪಟ್ಟಿ ಬಂದ ಮಾತ್ರಕ್ಕೆ ಅಪ್ಪ ಅಮ್ಮ ಸಿಗುವುದಿಲ್ಲ. ಅದರಲ್ಲಿರುವವರೂ ಹಾಗೆ ಎಂಜಲು ಕಳಿಸಿದ ಅಪರಿಚಿತರೇ. ಮೂರನೆಯ ತಲೆಮಾರಿನ ಯಾರದೋ ಮೊಮ್ಮಗಳು, ಯಾರದೋ ದೊಡ್ಡಪ್ಪನ ಮಗ ಎಂದು ಎಳೆ ಎಳೆಯಾಗಿ ಬಿಡಿಸುತ್ತ ಹೋಗಬೇಕು. ಆ ಬಿಡಿಸುವ ಕೆಲಸವನ್ನು ಸೂಜಿಯಕ್ಕ ಬಿಟ್ಟಿಯಾಗಿ ಮಾಡಿಕೊಡುತ್ತಾಳೆ. ಹೀಗೆ ಹನ್ನೊಂದು ಮಂದಿಗೆ ಅವಳು ಒಡಹುಟ್ಟಿದವರನ್ನೋ ಹೆತ್ತವರನ್ನೋ ಹತ್ತಿರದ ನೆಂಟರನ್ನೋ ಹುಡುಕಿಕೊಟ್ಟಿದ್ದಾಳೆ.

ಹನ್ನೊಂದೂ ಸುಖಾಂತ್ಯವೆಂದು ಯಾರೂ ತಿಳಿಯಬೇಕಿಲ್ಲ. ಒಬ್ಬಾಕೆಗೆ ಅಣ್ಣ ಸಿಕ್ಕ. ಅಣ್ಣನಿಗೆ ತಂಗಿ ಬೇಕಿರಲಿಲ್ಲ. ಬಾಗಿಲ ಸಂದಿಯಿಂದಲೇ ಮಾತಾಡಿಸಿ ಕಳಿಸಿದ. ಇನ್ನೊಬ್ಬನ ತಾಯಿ ಇವನು ಪತ್ತೆ ಮಾಡುವ ಒಂದು ವಾರ ಮುಂಚೆಯಷ್ಟೇ ತೀರಿಕೊಂಡಿದ್ದಳು. "ಬೆಟ್ಟ ಅಗೆದು ಇಲಿ ಹಿಡಿದ್ರೂ ಪರವಾಗಿಲ್ಲ. ಕೆಲವು ಸಲ ಇಲೀನೂ ಸತ್ತಿರುತ್ತೆ," ಎನ್ನುತ್ತಾಳೆ. ಅವಳ ತಮಾಷೆಗಳೆಲ್ಲ ಇದೇ ಜಾತಿಯವು. ಕೇಳಿದವರು ನಕ್ಕು, ನಗಬಾರದಿತ್ತೇನೋ ಎಂದು ಅವಳ ಮುಖ ನೋಡುತ್ತಾರೆ.

ಇದನ್ನೆಲ್ಲ ಅವಳು ಕಲಿತದ್ದು ಊರವರಿಗಾಗಿ ಅಲ್ಲ, ತನ್ನ ತಾಯಿಗಾಗಿ. ತಾಯಿಗೆ ಈಗ ಎಪ್ಪತ್ತನಾಲ್ಕು. ಕೈಗೂಸಾಗಿದ್ದಾಗ ಒಂದು ಅನಾಥಾಲಯದಿಂದ ಅವರನ್ನು ತಂದು ಸಾಕಿದ್ದು ಮಕ್ಕಳಿಲ್ಲದ ಒಬ್ಬ ಬಡಗಿ ಮತ್ತು ಅವನ ಹೆಂಡತಿ. ಸಾಕಿದವರು ಚಿನ್ನದಂಥವರು, ಆ ಮಾತಿಗೆ ತಾಯಿ ಇಂದಿಗೂ ಒಂದು ಚೂರು ಕುಂದು ಬರಗೊಡುವುದಿಲ್ಲ. ಆದರೆ ಸಾಕಿದ ತಾಯಿ ಸಾಯುವ ಮುನ್ನ ಕೈಹಿಡಿದು ನಿಜ ಹೇಳಿ ಹೋದ ಮೇಲೆ ಇವರಿಗೊಂದು ಚಾಳಿ ಹತ್ತಿತು. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ತರಕಾರಿ ಅಂಗಡಿಯಲ್ಲಿ ಎದುರು ಸಿಕ್ಕ ಹೆಂಗಸರ ಮುಖವನ್ನು ನೆಟ್ಟ ನೋಟದಿಂದ ನೋಡುವುದು. ಅನಾಥಾಲಯ ಯಾವತ್ತೋ ಮುಚ್ಚಿ, ಆ ಜಾಗದಲ್ಲಿ ಕಾರು ನಿಲ್ಲಿಸುವ ಕಟ್ಟಡ ಎದ್ದಿದೆ. ಕೇಳಲು ಒಂದು ನರಪಿಳ್ಳೆಯೂ ಉಳಿದಿಲ್ಲ.

"ಆಸ್ತಿ ಬೇಡ, ಅವರ ಕ್ಷಮೆ ಬೇಡ. ಸಾಯೋದ್ರೊಳಗೆ ಒಂದ್ಸಲ ನನ್ನಂಥ ಮುಖ ಇರೋರ ಎದುರು ಕೂತ್ಕೋಬೇಕು, ಅಷ್ಟೆ," ಎಂದು ತಾಯಿ ಕೇಳಿದ್ದರು. ಮಗಳನ್ನು ಅವರು ಜೀವದ ಜೀವ ಎಂದು ಬೆಳೆಸಿದ್ದು ನಿಜ, ಆದರೆ ಮಗಳ ಮುಖ ಅಪ್ಪನದು. ಮೂಗು, ಗದ್ದ, ಹುಬ್ಬು, ಎಲ್ಲ ಆ ಕಡೆಗೇ ಹೋಗಿದೆ. ಸೂಜಿಯಕ್ಕ ಮಾತು ಕೊಟ್ಟಳು. ತಾಯಿಯ ಹೃದಯ ಆಗಲೇ ಸೋಲತೊಡಗಿತ್ತು, ಕಾಲುಗಳು ಊದಿಕೊಳ್ಳುತ್ತಿದ್ದವು. ಹೊತ್ತು ಹೆಚ್ಚಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮೊದಲ ಅಡ್ಡಿ ಎಂಜಲಿನದೇ. ಹೃದಯದ ಮಾತ್ರೆಗಳಿಂದ ತಾಯಿಯ ಬಾಯಿ ಸದಾ ಒಣಗಿರುತ್ತದೆ. ಡಬ್ಬಿಯ ಗೆರೆಯವರೆಗೆ ತುಂಬಿಸಲು ಒಂದಿಡೀ ಮಧ್ಯಾಹ್ನ ಹೆಣಗಿದರೂ ತಳ ಒದ್ದೆಯಾಗಿದ್ದೇ ಹೆಚ್ಚು. ಮೇಲೆ ನಾಚಿಕೆ ಬೇರೆ. "ಇಷ್ಟು ವರ್ಷ ಮರ್ಯಾದೆಯಿಂದ ಬದುಕಿ ಈಗ ಡಬ್ಬಿಗೆ ಉಗುಳ್ತಾ ಕೂರ್ಲಾ?" ಊರವರ ರಕ್ತವನ್ನೆಲ್ಲ ಕಣ್ಣುಮುಚ್ಚಿ ತೆಗೆಯುವವಳ ಮನೆಯಲ್ಲಿ ಕಂಪನಿಗೆ ಬೇಕಾದದ್ದು ಮಾತ್ರ ಸಿಗಲಿಲ್ಲ. ಕೊನೆಗೆ ತಾಯಿಯೇ ಡಬ್ಬಿಯನ್ನು ಮಗಳತ್ತ ತಳ್ಳಿದರು. "ನೀನು ನನ್ನ ಹೊಟ್ಟೇಲಿ ಹುಟ್ಟಿದವಳೇ ತಾನೇ? ನಿಂದೇ ಕೊಡು."

ಮಾತು ಸರಿಯಾಗಿಯೇ ಇತ್ತು. ಮಗಳ ರಕ್ತದಲ್ಲಿ ಅರ್ಧ ತಾಯಿಯದು. ಉಳಿದರ್ಧ ಅಪ್ಪನದು, ಅದನ್ನು ಬೇರ್ಪಡಿಸಬೇಕು. ಅದಕ್ಕಾಗಿ ಸೂಜಿಯಕ್ಕ ಚಿಕ್ಕಪ್ಪನ ಮಗಳ ಎಂಜಲನ್ನೂ ಕಳಿಸಿದಳು. ತನ್ನ ಪಟ್ಟಿಯಲ್ಲೂ ಚಿಕ್ಕಪ್ಪನ ಮಗಳ ಪಟ್ಟಿಯಲ್ಲೂ ಇರುವವರು ಅಪ್ಪನ ಕಡೆಯವರು. ತನ್ನದರಲ್ಲಿ ಮಾತ್ರ ಇರುವವರು ಅಮ್ಮನ ಕಡೆಯವರು. ಅಕ್ಕಿ ಜರಡಿ ಹಿಡಿದಷ್ಟೇ ಸರಳ ಲೆಕ್ಕ. ಹಾಗೆ ಜರಡಿ ಹಿಡಿದಾಗ ಮೇಲುಳಿದ ಮೊದಲ ಹೆಸರೇ ಗಾಜಿನಂಗಡಿಯಾಕೆಯದು.

ಅರವತ್ತೆಂಟರ ಆಕೆ ಪಕ್ಕದ ಊರಿನಲ್ಲಿ ಕನ್ನಡಿ, ಫೋಟೋ ಫ್ರೇಮುಗಳ ಅಂಗಡಿ ನಡೆಸುತ್ತಾರೆ. ಮಗಳು ಉಡುಗೊರೆಯೆಂದು ಕೊಟ್ಟ ಡಬ್ಬಿಗೆ ತಮಾಷೆಗಾಗಿ ಎಂಜಲು ತುಂಬಿ ಕಳಿಸಿ ಮರೆತಿದ್ದರು. ಹಂಚಿಕೊಂಡ ರಕ್ತದ ಪ್ರಮಾಣ ನೋಡಿದರೆ ಆಕೆ ತಾಯಿಗೆ ಅಪ್ಪನ ಕಡೆಯಿಂದ ತಂಗಿಯಾಗಬೇಕು. ತಂದೆ ಒಬ್ಬನೇ, ತಾಯಂದಿರು ಬೇರೆ. ಗಾಜಿನಂಗಡಿಯಾಕೆಯ ತಂದೆ ದರ್ಜಿಯಾಗಿದ್ದವನು, ಸತ್ತು ಎಷ್ಟೋ ಕಾಲವಾಗಿದೆ. ಮದುವೆಗೆ ಮುಂಚೆ ಅವನಿಗೆ ಎಲ್ಲಿಯೋ ಒಂದು ಮಗುವಾಗಿರಬೇಕು ಎಂದು ಎರಡೂ ಮನೆಯವರು ಒಪ್ಪಿಕೊಂಡರು. ಸತ್ತವನು ಬಂದು ಅಲ್ಲಗಳೆಯುವಂತಿರಲಿಲ್ಲ.

ಭೇಟಿಯಾದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಸುತ್ತ ಗೋಡೆಗೆ ಒರಗಿಸಿಟ್ಟ ಕನ್ನಡಿಗಳು. ಗಾಜಿನಂಗಡಿಯಾಕೆ ಬಾಗಿಲಲ್ಲೇ ಸೂಜಿಯಕ್ಕನ ಗದ್ದ ಹಿಡಿದು, "ಇದು ನಮ್ಮಪ್ಪಂದೇ!" ಎಂದು ಚೀರಿದರು. ಅವರನ್ನೂ ಸೂಜಿಯಕ್ಕನನ್ನೂ ಒಂದು ದೊಡ್ಡ ಕನ್ನಡಿಯ ಮುಂದೆ ನಿಲ್ಲಿಸಿ ಎಲ್ಲರೂ ನೋಡಿದರು. ಅದೇ ಗದ್ದ, ಅದೇ ಕೂಡುಹುಬ್ಬು. ನೋಡಿದವರೆಲ್ಲ ಅತ್ತರು, ತಾಯಿಯಂತೂ ಬಿಕ್ಕಿ ಬಿಕ್ಕಿ ಅತ್ತರು. ಅಷ್ಟು ಕನ್ನಡಿಗಳಿದ್ದರೂ ತಾಯಿಯ ಮುಖವನ್ನು ಆ ಮನೆಯವರ ಮುಖಗಳ ಪಕ್ಕ ಇಟ್ಟು ನೋಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಆಮೇಲಿನ ಒಂದೂವರೆ ವರ್ಷ ತಾಯಿ ಅಕ್ಕನಾಗಿ ಬದುಕಿದರು. ದಿನಾ ಫೋನು. ತಂಗಿ ಬಂದು ಉಳಿದುಕೊಂಡರೆ ಹೊದಿಕೆ ಎಳೆದಾಟ, ಜಗಳ, ಮತ್ತೆ ನಗು. ಎಪ್ಪತ್ತರ ಮೇಲೆ ಒಡಹುಟ್ಟಿದವರ ಜೊತೆ ಜಗಳವಾಡಲು ಸಿಕ್ಕಿತಲ್ಲ ಎಂದು ಸೂಜಿಯಕ್ಕ ಅಡುಗೆಕೋಣೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ದರ್ಜಿಯ ಫೋಟೋಗೆ ಒಳ್ಳೆಯ ಫ್ರೇಮು ಹಾಕಿಸಿ ತಂಗಿ ತಂದುಕೊಟ್ಟಿದ್ದರು. ಅದು ತಾಯಿಯ ಮಂಚದ ಎದುರಿನ ಗೋಡೆಗೇರಿತು. ಬೆಳಗ್ಗೆ ಎದ್ದ ತಕ್ಷಣ ತಾಯಿ ಅದಕ್ಕೆ ಬೈಯುತ್ತಿದ್ದರು: "ಹುಟ್ಟಿಸಿದ್ರೆ ಆಯ್ತಾ? ಒಂದ್ಸಲ ತಿರುಗಿ ನೋಡ್ಬಾರದಿತ್ತಾ?" ಬೈದು ಮುಗಿದ ಮೇಲೆ ಅದರ ಗಾಜು ಒರೆಸುತ್ತಿದ್ದರು.

ಮಾಡಬಾರದ ಆಸೆಯೇನೂ ಅವರು ಮಾಡಲಿಲ್ಲ. ಉಗುಳುವುದು ಬೇಡ, ಹತ್ತಿಯ ಕಡ್ಡಿಯನ್ನು ಕೆನ್ನೆಯೊಳಗೆ ಆಡಿಸಿದರೆ ಸಾಕು ಎನ್ನುವ, ಬೇರೊಂದು ಕಂಪನಿಯ ಹೊಸ ಬಗೆಯ ಪರೀಕ್ಷೆ ಬಂದಿತ್ತು. ತಾನೇ ಕೊಡುತ್ತೇನೆಂದು ತಾಯಿ ಹಟ ಹಿಡಿದರು. ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ತಂಗಿಯ ಹೆಸರನ್ನು ಕಣ್ಣಾರೆ ಓದಬೇಕಿತ್ತು. ತಂಗಿಯೂ ಮಗಳೂ ಅದೇ ಕಂಪನಿಗೆ ಇನ್ನೊಮ್ಮೆ ಕೊಟ್ಟರು. ಪಟ್ಟಿ ಸೂಜಿಯಕ್ಕನ ಫೋನಿಗೆ ಬಂತು. ಅದರಲ್ಲಿ ಮಗಳ ಹೆಸರಿತ್ತು, ತಂಗಿಯ ಹೆಸರಿರಲಿಲ್ಲ.

ಸೂಜಿಯಕ್ಕನಿಗೆ ಮೊದಲು ಬಂದ ಅನುಮಾನ ಕಸುಬಿನದು: ಚೀಟಿ ಅದಲುಬದಲಾಗಿರಬೇಕು. ಇನ್ನೊಂದು ಕಡ್ಡಿ ತರಿಸಿ, ತಾಯಿಯ ಬಾಯಲ್ಲೇ ಹೆಸರು ಹೇಳಿಸಿ ಕಳಿಸಿದಳು. ಅದೇ ಉತ್ತರ ಬಂತು. ಆಗ ಹಳೆಯ ಪಟ್ಟಿಗಳನ್ನು ಮತ್ತೆ ತೆಗೆದು ಕೂತಳು. ತನಗೂ ಚಿಕ್ಕಪ್ಪನ ಮಗಳಿಗೂ ಹಂಚಿಕೆಯಾದ ರಕ್ತ ಇರಬೇಕಾದುದರಲ್ಲಿ ಅರ್ಧ ಮಾತ್ರ ಇತ್ತು. ಅದನ್ನು ಅವಳು ಮೊದಲ ದಿನವೇ ನೋಡಿದ್ದಳು. ಹೆಚ್ಚು ಕಮ್ಮಿ ಇರುತ್ತದೆ ಎಂದು ದಾಟಿ ಮುಂದೆ ಹೋಗಿದ್ದಳು. ಬೇರೆಯವರ ಪಟ್ಟಿಯಾಗಿದ್ದರೆ ಅಲ್ಲಿಯೇ ನಿಲ್ಲುತ್ತಿದ್ದಳು, ನೂರು ಪ್ರಶ್ನೆ ಕೇಳುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲೆ.

"ಅಪ್ಪ ಮತ್ತು ಚಿಕ್ಕಪ್ಪ ತಾಯಿ ಕಡೆಯಿಂದ ಮಾತ್ರ ಅಣ್ಣತಮ್ಮ," ಎಂದು ಸೂಜಿಯಕ್ಕ ಈಗ ನಿಧಾನವಾಗಿ ವಿವರಿಸುತ್ತಾಳೆ, ಕಲಿಯುವವರಿಗೆ ಹೇಳಿಕೊಡುವ ಹಾಗೆ. "ಅಪ್ಪನ ನಿಜವಾದ ಅಪ್ಪ ಆ ದರ್ಜಿ. ಅದಕ್ಕೇ ದರ್ಜಿ ಕಡೆಯವರು ಚಿಕ್ಕಪ್ಪನ ಮಗಳ ಪಟ್ಟೀಲಿ ಇರ್ಲಿಲ್ಲ. ಇಲ್ದೇ ಇದ್ದಿದ್ದಕ್ಕೆ ನಾನು ಅಮ್ಮನ ಕಡೆಯವರು ಅಂದ್ಕೊಂಡೆ. ಇವರು ಅಮ್ಮನ ಕಡೆಯವರಾ ಅಂತ ಕೇಳ್ದೆ, ಪಟ್ಟಿ ಹೌದು ಅಂತು. ಯಾರು ಅಂತ ಕೇಳ್ಲೇ ಇಲ್ಲ." ದರ್ಜಿಯ ಮೊದಲ ಅಂಗಡಿ ಅಪ್ಪ ಹುಟ್ಟಿದ ಮನೆಯ ಬೀದಿಯಲ್ಲೇ ಇತ್ತೆಂದು ಗಾಜಿನಂಗಡಿಯಾಕೆ ಮೊದಲ ಭೇಟಿಯಲ್ಲೇ ಹೇಳಿದ್ದರು. ಎಂಥಾ ಕಾಕತಾಳೀಯ ಎಂದು ಎಲ್ಲರೂ ಬೆರಗುಪಟ್ಟಿದ್ದರು. ಕಣ್ಣಿದ್ದೂ ಕುರುಡರಾಗುವುದೆಂದರೆ ಅದೇ ಇರಬೇಕು.

ಅಂದರೆ ತಾಯಿ ತಂಗಿಯೆಂದು ತಬ್ಬಿಕೊಂಡವರು ಗಂಡನ ತಂಗಿ, ನಾದಿನಿ. ಗೋಡೆಯ ಮೇಲಿದ್ದ ಅಪ್ಪ ಮಾವ. ತಾಯಿಗಾಗಿ ಊರೆಲ್ಲ ಜಾಲಾಡಿ ಸೂಜಿಯಕ್ಕ ಕಂಡುಹಿಡಿದದ್ದು ತನಗೊಬ್ಬ ಸೋದರತ್ತೆಯನ್ನು, ತನಗೊಬ್ಬ ಅಜ್ಜನನ್ನು. ತಾಯಿಯ ಪಾಲಿಗೆ ಒಂದು ಕೂದಲೆಳೆಯೂ ಸಿಕ್ಕಿರಲಿಲ್ಲ. ತೀರಿಕೊಂಡು ಹದಿನೈದು ವರ್ಷವಾದ ಅಪ್ಪನಿಂದ, ಜೀವವಿದ್ದಷ್ಟು ದಿನ ಆತ ಅಪ್ಪ ಎಂದು ಕರೆದವನನ್ನೂ ಕಿತ್ತುಕೊಂಡಂತಾಯಿತು.

ಅವಳು ಮೊದಲು ಹೇಳಿದ್ದು ಗಾಜಿನಂಗಡಿಯಾಕೆಗೆ. ಅವರು, "ಅಕ್ಕನಿಗೆ ಹೇಳ್ಬೇಡ ಕಣೇ. ಇರೋಷ್ಟು ದಿನ ಅಕ್ಕ ಆಗೇ ಇರ್ಲಿ. ಯಾರಿಗೇನು ನಷ್ಟ?" ಎಂದರು. ಸೂಜಿಯಕ್ಕನಿಗೂ ಅದೇ ಬೇಕಿತ್ತು. ಪಟ್ಟಿ ಇನ್ನೂ ಬಂದಿಲ್ಲ, ಕಂಪನಿಯವರು ತಡ ಮಾಡುತ್ತಿದ್ದಾರೆ ಎಂದು ಸುಳ್ಳು ಹೇಳುತ್ತ ಹೋದಳು. ಗಂಟಲಿನ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹಾಗೆಯೇ ಇದ್ದುಬಿಡುತ್ತಿದ್ದಳೇನೋ, ತಾಯಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಗಿ ಬರದಿದ್ದರೆ.

ಮಂಚದ ಪಕ್ಕ ನಿಂತ ವೈದ್ಯೆ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದರು. ನಿಮ್ಮ ತಂದೆತಾಯಿಗೆ ಹೃದಯದ ಕಾಯಿಲೆ ಇತ್ತೇ? ತಾಯಿ ನಿಜ ತಿಳಿದಂದಿನಿಂದ ಈ ಪ್ರಶ್ನೆಗೆ ತಲೆತಗ್ಗಿಸುತ್ತಲೇ ಬಂದವರು. ಈ ಸಲ ಆಮ್ಲಜನಕದ ಮುಖವಾಡವನ್ನು ಕೈಯಾರೆ ಸರಿಸಿ, ಪರೀಕ್ಷೆಯಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ ಹೇಳಿದರು: "ಇತ್ತು. ನಮ್ಮಪ್ಪನಿಗಿತ್ತು. ಅದ್ರಲ್ಲೇ ಹೋದ್ರು. ಇವಳೇ ಕಂಡುಹಿಡಿದಿದ್ದು." ವೈದ್ಯೆ ಬರೆದುಕೊಳ್ಳಲು ಪೆನ್ನು ಎತ್ತಿದರು.

ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಅಂಟಿಸಬಾರದೆಂದು ಇಪ್ಪತ್ತಾರು ವರ್ಷ ದುಡಿದವಳು ಸೂಜಿಯಕ್ಕ. "ಅದನ್ನ ಬರೀಬೇಡಿ ಡಾಕ್ಟ್ರೇ," ಎಂದುಬಿಟ್ಟಳು. ಬಾಯಿ ಜಾರಿದ್ದಲ್ಲ, ಕಸುಬು ಆಡಿಸಿದ ಮಾತು. ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ. ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಪಕ್ಕದ ಮಂಚದ ರೋಗಿ ಕೂಡ ಮಗ್ಗುಲು ತಿರುಗಿ ಕೇಳಿಸಿಕೊಂಡಳು. ತಾಯಿ ಮಗಳ ಮುಖವನ್ನೇ ನೋಡುತ್ತಿದ್ದರು, ಬಸ್ಸಿನಲ್ಲಿ ಅಪರಿಚಿತರನ್ನು ನೋಡುತ್ತಿದ್ದ ಹಾಗೆ. ಕೊನೆಗೆ ವೈದ್ಯೆಯ ಕಡೆ ತಿರುಗಿ, "ಗೊತ್ತಿಲ್ಲ ಅಂತ ಬರ್ಕೊಳ್ಳಿ," ಎಂದರು. ವೈದ್ಯೆ ಗೊತ್ತಿಲ್ಲ ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು.

ಮನೆಗೆ ಬಂದ ದಿನವೇ ತಾಯಿ ಫೋಟೋ ಇಳಿಸಿ, ಅಭ್ಯಾಸದಂತೆ ಗಾಜು ಒರೆಸಿ, ಮಗಳ ಕೈಗೆ ಕೊಟ್ಟರು. "ನಿಮ್ಮಜ್ಜ. ನಿನ್ನ ಕೋಣೇಲಿ ಹಾಕ್ಕೋ," ಎಂದರು. ಬೈಗುಳವಿಲ್ಲ, ಕಣ್ಣೀರೂ ಇಲ್ಲ. ಒಂದೆರಡು ಬೈದಿದ್ದರೆ ತಾನು ಬದುಕಿಕೊಳ್ಳುತ್ತಿದ್ದೆ ಎಂದು ಸೂಜಿಯಕ್ಕನಿಗೆ ಅನ್ನಿಸುತ್ತದೆ. ಗಾಜಿನಂಗಡಿಯಾಕೆ ಈಗಲೂ ದಿನಾ ಫೋನು ಮಾಡುತ್ತಾರೆ, ತಾಯಿ ಎತ್ತುವುದಿಲ್ಲ. ಯಾಕೆಂದು ಕೇಳಿದರೆ, ದಿಂಬಿಗೊರಗಿ, ಒಂದೊಂದು ಮಾತಿಗೂ ಉಸಿರು ಹುಡುಕುತ್ತ ಹೇಳುತ್ತಾರೆ: "ಅವಳ ಮೇಲೆ ಸಿಟ್ಟಿಲ್ಲ. ಪಾಪದವಳು. ಆದ್ರೆ ದನಿ ಕೇಳಿದ ತಕ್ಷಣ ತಂಗಿ ಅನ್ಸುತ್ತೆ. ಆಮೇಲೆ ಅಲ್ಲ ಅಂತ ನೆನಪಾಗುತ್ತೆ. ದಿನಾ ಯಾಕೆ ಕಳ್ಕೊಳ್ಳೋದು?"

ಇನ್ನು ಹುಡುಕುವುದು ಬೇಡ ಎಂದೂ ಅವರು ಹೇಳಿಯಾಗಿದೆ. ಮಗಳು ಕೇಳಿಲ್ಲ. ತಾಯಿಯ ಸ್ವಂತ ಪಟ್ಟಿಯಲ್ಲಿ ಮಗಳನ್ನು ಬಿಟ್ಟರೆ ಅತಿ ಹತ್ತಿರದವರೆಂದರೆ ಐದಾರು ತಲೆಮಾರಿನ ಹಿಂದೆಲ್ಲೋ ಸೇರುವ, ದೂರದೇಶದ ಒಬ್ಬ ಗಂಡಸು. ಅವನಿಗೆ ಸೂಜಿಯಕ್ಕ ಸಂದೇಶದ ಮೇಲೆ ಸಂದೇಶ ಕಳಿಸಿದ್ದಾಳೆ. ಅವನು ತೆರೆದು ಓದಿದ್ದು ಫೋನಿನಲ್ಲಿ ಕಾಣುತ್ತದೆ, ಉತ್ತರ ಮಾತ್ರ ಬಂದಿಲ್ಲ. ಹೃದಯ ಇನ್ನು ಹೆಚ್ಚು ಕಾಲ ತಾಳುವುದಿಲ್ಲವೆಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ರಾತ್ರಿ ತಾಯಿಗೆ ಮಲಗಿದರೆ ಉಸಿರು ಸಿಗುವುದಿಲ್ಲ, ಕೂತರೆ ನಿದ್ದೆ ಬರುವುದಿಲ್ಲ.

ಭಾನುವಾರದವರಿಗೂ ಸ್ವಲ್ಪ ದಿನ ಅವಳು ಬಾಗಿಲು ಹಾಕಿದ್ದಳು. ತನ್ನ ಮನೆಯದನ್ನೇ ಸರಿಯಾಗಿ ಓದದವಳು ಊರವರದನ್ನು ಯಾವ ಮುಖದಿಂದ ಓದುವುದು? ಆದರೂ ಬಂದು ಮೆಟ್ಟಿಲ ಮೇಲೆ ಕೂತವರನ್ನು ಎಬ್ಬಿಸಿ ಕಳಿಸಲಾಗಲಿಲ್ಲ. ಈಗ ಮತ್ತೆ ಮಾಡುತ್ತಾಳೆ, ಕಟ್ಟುನಿಟ್ಟಾಗಿ. ಹುಡುಕುವವರ ಎಂಜಲೇ ಬೇಕು, ಮಕ್ಕಳದು ನಡೆಯುವುದಿಲ್ಲ. ಹೋದ ತಿಂಗಳು ಹನ್ನೊಂದನೆಯವರ ಹುಡುಕಾಟ ಫಲಿಸಿತು. ಐವತ್ತರ ಗಂಡಸೊಬ್ಬ ತನ್ನ ತಾಯಿಯ ಅಕ್ಕನನ್ನು ತಬ್ಬಿಕೊಂಡ ಫೋಟೋ ಕಳಿಸಿದ. ಸೂಜಿಯಕ್ಕ ಅದನ್ನು ಅಮ್ಮನಿಗೆ ತೋರಿಸಲಿಲ್ಲ. ಕೋಣೆಯಿಂದ ಹೊರಗೆ ಬಂದು ನೋಡಿ, ಅಳಿಸಿಹಾಕಿದಳು.

ಬಿಸಿಲು ಏರಿದೆ. ಲ್ಯಾಬಿನ ಹಿಂಬಾಗಿಲಲ್ಲಿ ಪೆಟ್ಟಿಗೆ ಒಪ್ಪಿಸಿ, ಕೈ ಉಜ್ಜಿ ಉಜ್ಜಿ ತೊಳೆದು, ಸೂಜಿಯಕ್ಕ ಮೆಟ್ಟಿಲ ಮೇಲೆ ಕೂತು ಇವತ್ತಿನ ಮೊದಲ ಲೋಟ ನೀರು ಕುಡಿಯುತ್ತಾಳೆ. ಫೋನು ತೆರೆದು ಅಮ್ಮನ ಪಟ್ಟಿ ನೋಡುತ್ತಾಳೆ. ಹೊಸಬರು ಯಾರೂ ಬಂದಿಲ್ಲ. ಮುಂದೇನು ಆಸೆ ಎಂದು ಕೇಳಿದರೆ ಖಾಲಿ ಲೋಟವನ್ನು ಪಕ್ಕಕ್ಕಿಟ್ಟು, ಸೀರೆಯ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾಳೆ.

"ಸಿಗೋದಾದ್ರೆ ಅಮ್ಮ ಇರೋವಾಗ ಸಿಗ್ಲಿ. ಒಬ್ರು ಸಾಕು, ದೂರದವರಾದ್ರೂ ಸಾಕು. ಅವಳು ಹೋದ ಮೇಲೆ ಯಾರೂ ಬರೋದು ಬೇಡ. ಅವಳ ಮೂಗು, ಅವಳ ಕಣ್ಣು ಇಟ್ಕೊಂಡು ಯಾರೋ ಬಂದು ನನ್ನ ಬಾಗಿಲಲ್ಲಿ ನಿಂತ್ರೆ, ನಾನು ನೋಡಲಾರೆ. ಅವತ್ತು ನಾನು ಬಾಗಿಲು ತೆಗೆಯಲ್ಲ."